ಚಮಚ ಯಾರ ಕೈಯಲ್ಲಿ?

1926ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಮೌಂಟ್ ಸೈನಾಯ್ ಆಸ್ಪತ್ರೆಯಲ್ಲಿ ಕೆಲವು ದಾದಿಯರಿಗೆ ವಿಚಿತ್ರವಾದ ಕೆಲಸವೊಂದನ್ನು ಒಪ್ಪಿಸಿದ್ದರು. ಮಗುವಿನ ಎದುರು ಚಮಚ ಹಿಡಿದು ಸುಮ್ಮನೆ ಕೂರುವುದು, ಅಷ್ಟೇ. ಮಗು ಯಾವುದಾದರೂ ಬಟ್ಟಲಿಗೆ ಕೈ ಚಾಚಿದರೆ, ಬೆರಳು ತೋರಿಸಿದರೆ, ಅದರಿಂದ ಒಂದು ಚಮಚ ತೆಗೆದು ಮುಂದೆ ಹಿಡಿಯಬೇಕು. ಮಗು ತಾನಾಗಿ ಬಾಯಿ ತೆರೆದರೆ ಮಾತ್ರ ಒಳಗೆ. "ಇದು ತಿನ್ನು ಪುಟ್ಟ" ಅನ್ನುವ ಹಾಗಿಲ್ಲ. ತಿಂದರೆ ಶಭಾಷ್ ಅನ್ನುವ ಹಾಗಿಲ್ಲ, ತಿನ್ನದಿದ್ದರೆ ಮುಖ ಗಂಟು ಹಾಕುವ ಹಾಗೂ ಇಲ್ಲ. ಕೈ ಅದ್ದಿ, ಚೆಲ್ಲಿ, ಬಟ್ಟಲಿಗೆ ಬಾಯಿ ಹಾಕಿ ತಿಂದರೂ ತಡೆಯುವಂತಿಲ್ಲ.

ಈ ಏರ್ಪಾಡು ಕ್ಲಾರಾ ಡೇವಿಸ್ ಎಂಬ ಮಕ್ಕಳ ವೈದ್ಯೆಯದು. ಅದು ಎಷ್ಟು ದೊಡ್ಡ ತಿರುವು ಅಂತ ಅರ್ಥವಾಗಬೇಕಾದರೆ ಅದಕ್ಕೂ ಮುಂಚಿನ ಮೂವತ್ತು ವರ್ಷ ನೋಡಬೇಕು. 1894ರಲ್ಲಿ ನ್ಯೂಯಾರ್ಕಿನ ಡಾಕ್ಟರ್ ಎಮೆಟ್ ಹೋಲ್ಟ್ ಮಕ್ಕಳ ಆರೈಕೆ ಮತ್ತು ಆಹಾರದ ಬಗ್ಗೆ ಪುಟ್ಟ ಪುಸ್ತಕವೊಂದನ್ನು ಬರೆದಿದ್ದರು. ಪೂರ್ತಿ ಪ್ರಶ್ನೋತ್ತರ. ಈಗಿನವರ ಭಾಷೆಯಲ್ಲಿ ಹೇಳೋದಾದರೆ ಅದೊಂದು ಎಫ್‌ಎಕ್ಯೂ. ಎಷ್ಟು ತಿಂಗಳಿಗೆ ಎಷ್ಟು ಔನ್ಸ್ ಹಾಲು, ಎಷ್ಟು ಗಂಟೆಗೊಮ್ಮೆ, ಯಾವ ವಯಸ್ಸಿಗೆ ಯಾವ ಹಣ್ಣಿನ ರಸ, ಎಲ್ಲಕ್ಕೂ ಲೆಕ್ಕ. ಶಿಶುಗಳು ಭೇದಿಯಾಗಿ ಸಾಯುತ್ತಿದ್ದ ಕಾಲ ಅದು, ಶುದ್ಧವಾದ ಹಾಲೇ ಸಿಗುತ್ತಿರಲಿಲ್ಲ. ಆ ಲೆಕ್ಕದಿಂದ ಎಷ್ಟೋ ಮಕ್ಕಳು ಬದುಕಿದ್ದಾರೆ, ಹಾಗಾಗಿ ಹೋಲ್ಟ್ ಅವರನ್ನು ಆಡಿಕೊಳ್ಳುವುದು ಸುಲಭ, ಆದರೆ ನ್ಯಾಯವಲ್ಲ. ತೊಂದರೆ ಬಂದದ್ದು ಆಮೇಲೆ. ಆ ಲೆಕ್ಕ ಮನೆಮನೆಗೂ ಹೋಗಿ, ಗಡಿಯಾರ ನೋಡಿ ಉಣಿಸುವ, ಔನ್ಸ್ ತಪ್ಪಿದರೆ ಬಾಯಿಗೆ ತುರುಕುವ ತಾಯಂದಿರು ಹುಟ್ಟಿಕೊಂಡರು. 1920ರ ಹೊತ್ತಿಗೆ ಅಮೆರಿಕದ ಮಕ್ಕಳ ಡಾಕ್ಟರ ಮುಂದೆ ಹೊಸ ದೂರಿನ ಸಾಲು ನಿಂತಿತ್ತು: "ಮಗು ಊಟಾನೇ ಮಾಡಲ್ಲ ಡಾಕ್ಟ್ರೇ."

ಡೇವಿಸ್ ಆಗಷ್ಟೇ ಎದೆಹಾಲು ಬಿಡಿಸಿದ, ಇನ್ನೂ ಯಾವ ರುಚಿಯನ್ನೂ ಕಾಣದ ಶಿಶುಗಳನ್ನು ತೆಗೆದುಕೊಂಡರು. ಮೊದಲು ಮೂವರು, ಆಮೇಲೆ ಷಿಕಾಗೋಗೆ ಹೋದ ಮೇಲೆ ಒಟ್ಟು ಹದಿನೈದು. ಬಡ ತಾಯಂದಿರ ಮಕ್ಕಳು. ತಿಂಗಳಲ್ಲ, ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಬೆಳೆದವರು. ಇವತ್ತು ಯಾವ ನೈತಿಕ ಸಮಿತಿಯೂ ಇದಕ್ಕೆ ಒಪ್ಪಿಗೆ ಕೊಡುವುದಿಲ್ಲ. ಮೂವತ್ತಕ್ಕೂ ಹೆಚ್ಚು ಪದಾರ್ಥಗಳು: ಹಾಲು, ಹುಳಿ ಬಂದ ಹಾಲು, ಮೊಟ್ಟೆ, ಮಾಂಸ, ಈಲಿ, ಮೂಳೆಯ ನೆಣ, ಓಟ್ಸ್, ಗೋಧಿ, ಬಾಳೆ, ಸೇಬು, ಕಿತ್ತಳೆ ರಸ, ಬೀಟ್‌ರೂಟ್, ಬಟಾಣಿ, ಆಲೂಗೆಡ್ಡೆ, ಬೇರೆ ಬಟ್ಟಲಲ್ಲಿ ಉಪ್ಪು. ಯಾವುದಕ್ಕೂ ಸಕ್ಕರೆ ಇಲ್ಲ, ಒಂದಕ್ಕೊಂದು ಬೆರೆಸುವಂತಿಲ್ಲ. ಒಂದು ಮಗು ಬೆಳಗ್ಗೆ ಬರೀ ಕಿತ್ತಳೆ ರಸ ಮತ್ತು ಈಲಿ ತಿನ್ನುತ್ತದೆ, ಇನ್ನೊಂದು ರಾತ್ರಿ ಊಟಕ್ಕೆ ಮೊಟ್ಟೆ ಮೇಲೆ ಮೊಟ್ಟೆ. ಒಬ್ಬರ ತಟ್ಟೆ ಇನ್ನೊಬ್ಬರಿಗೆ ಹೋಲುತ್ತಿರಲಿಲ್ಲ. ಆದರೂ ತಿಂಗಳ ಲೆಕ್ಕ ಹಾಕಿದರೆ ಎಲ್ಲರಿಗೂ ಪೋಷಣೆ ಸರಿಯಾಗಿಯೇ ಇತ್ತು. ತೀವ್ರ ರಿಕೆಟ್ಸ್ ಇದ್ದ ಒಂದು ಮಗುವಿನ ತಟ್ಟೆಯಲ್ಲಿ ಕಾಡ್ ಮೀನಿನ ಎಣ್ಣೆಯ ಲೋಟವನ್ನೂ ಇಟ್ಟಿದ್ದರು. ಅದು ಬೇಕಾದಾಗ ಕುಡಿದು, ಮೂಳೆ ಸರಿಹೋದ ಮೇಲೆ ಮುಟ್ಟುವುದನ್ನೇ ಬಿಟ್ಟಿತು.

1939ರಲ್ಲಿ ಕೆನಡಾದ ವೈದ್ಯರ ಮುಂದೆ ಈ ಫಲಿತಾಂಶವನ್ನು ಇಟ್ಟಾಗ ಡೇವಿಸ್ ಒಂದು ಮಾತನ್ನು ಮುಚ್ಚಿಡಲಿಲ್ಲ. ಇದರಲ್ಲೊಂದು ತಂತ್ರವಿದೆ, ಅದು ಪದಾರ್ಥಗಳ ಪಟ್ಟಿಯಲ್ಲೇ ಇದೆ ಅಂದರು. ಪಟ್ಟಿಯಲ್ಲಿ ಕೆಟ್ಟದ್ದೇ ಇಲ್ಲದಿದ್ದರೆ ಮಗು ಕೆಟ್ಟದ್ದನ್ನು ಆರಿಸುವುದಾದರೂ ಹೇಗೆ? ಏನು ಇಡಬೇಕು ಅನ್ನುವುದು ದೊಡ್ಡವರದು, ಎಷ್ಟು ತಿನ್ನಬೇಕು ಅನ್ನುವುದು ಮಗುವಿನದು. ಸಂಸ್ಕರಿಸಿದ ತಿಂಡಿಗಳನ್ನೂ ಇಟ್ಟು ಪ್ರಯೋಗ ಮುಂದುವರಿಸುವ ಆಸೆ ಅವರಿಗಿತ್ತು, ಆರ್ಥಿಕ ಕುಸಿತದಲ್ಲಿ ದುಡ್ಡು ನಿಂತುಹೋಯಿತು. ನನಗೆ ಇಡೀ ಕಥೆಯಲ್ಲಿ ಅತ್ಯಂತ ಬೇಸರದ ಭಾಗ ಇದೇ. ಚಿಪ್ಸ್ ಪ್ಯಾಕೆಟ್ ಇಟ್ಟಿದ್ದರೆ ಏನಾಗುತ್ತಿತ್ತು ಅಂತ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಈಗ ದಿನಾ ಪ್ರಯೋಗ ನಡೀತಿದೆ, ಬರೆದಿಡುವವರು ಮಾತ್ರ ಇಲ್ಲ.

1946ರಲ್ಲಿ ಬೆಂಜಮಿನ್ ಸ್ಪಾಕ್ ತಮ್ಮ ಪುಸ್ತಕದಲ್ಲಿ ಡೇವಿಸ್ ಪ್ರಯೋಗವನ್ನು ಎತ್ತಿ ಹೇಳಿದರು, ಅದು ಲಕ್ಷಾಂತರ ಮನೆಗಳಿಗೆ ಹೋಯಿತು. 1980ರ ದಶಕದಲ್ಲಿ ಎಲಿನ್ ಸ್ಯಾಟರ್ ಎಂಬ ಆಹಾರತಜ್ಞೆ ಇದನ್ನೇ ಕೆಲಸ ಹಂಚಿಕೆಯ ಸೂತ್ರವಾಗಿಸಿದರು: ಏನು, ಯಾವಾಗ, ಎಲ್ಲಿ ಅನ್ನುವುದು ಅಪ್ಪ ಅಮ್ಮನ ಪಾಲು, ತಿನ್ನಬೇಕೋ ಬೇಡವೋ, ಎಷ್ಟು ಅನ್ನುವುದು ಮಗುವಿನ ಪಾಲು. ಅದೇ ಕಾಲದಲ್ಲಿ ಲಿಯಾನ್ ಬರ್ಚ್ ಎಂಬ ಸಂಶೋಧಕಿ ಮಕ್ಕಳಿಗೆ ಬಹುಮಾನದ ಆಸೆ ತೋರಿಸಿ ಒಂದು ಪೇಯ ಕುಡಿಸಿ ನೋಡಿದರು. ಕುಡಿದರು, ನಿಜ. ಆದರೆ ಆಮೇಲೆ ಆ ಪೇಯವೇ ಅವರಿಗೆ ಮೊದಲಿಗಿಂತ ಕಡಿಮೆ ಇಷ್ಟವಾಯಿತು. "ಇದನ್ನ ತಿಂದ್ರೆ ಮೊಬೈಲ್ ಕೊಡ್ತೀನಿ" ಅನ್ನುವ ವ್ಯವಹಾರದ ಹಣೆಬರಹ 1984ರಲ್ಲೇ ಅಚ್ಚಾಗಿದೆ.

ಇಷ್ಟೂ ಆರೋಗ್ಯವಂತ ಮಕ್ಕಳ ಮಾತು. ಡೇವಿಸ್ ಅವರ ಹದಿನೈದು ಮಕ್ಕಳಿಗೂ ಬಾಯಿ ಕೆಲಸ ಮಾಡುತ್ತಿತ್ತು. ತುಟಿ ಮುಚ್ಚುತ್ತಿತ್ತು, ನಾಲಿಗೆ ತುತ್ತನ್ನು ಹಿಂದಕ್ಕೆ ಸಾಗಿಸುತ್ತಿತ್ತು, ನುಂಗುವಾಗ ಶ್ವಾಸನಾಳದ ಬಾಗಿಲು ಸರಿಯಾದ ಹೊತ್ತಿಗೆ ಮುಚ್ಚಿಕೊಳ್ಳುತ್ತಿತ್ತು. ಇದ್ಯಾವುದೂ ತಾನಾಗಿ ಆಗದ ಮಕ್ಕಳೂ ಇದ್ದಾರೆ. ಅವರ ಚರಿತ್ರೆ ಬೇರೆ. ನಾನು ಇದನ್ನೆಲ್ಲ ಓದಲು ಶುರು ಮಾಡಿದ್ದೇ ಅಂಥ ಒಬ್ಬನ ಸಲುವಾಗಿ. ನನ್ನ ಅಕ್ಕನ ಮಗನಿಗೆ ಸೆರೆಬ್ರಲ್ ಪಾಲ್ಸಿ. ಈಗ ಆರು ವರ್ಷ. ಅವರಿರುವುದು ಶಿರಾ ಕಡೆಯ ನಮ್ಮ ಹಳ್ಳಿಯಲ್ಲಿ, ಚಿಕಿತ್ಸಕಿ ಇರುವುದು ತುಮಕೂರಿನಲ್ಲಿ. ತಿಂಗಳಿಗೊಂದು ಸಲ ಹೋಗಿಬರುತ್ತಾರೆ. ದಿನಕ್ಕೆ ಮೂರು ಊಟ ಅಂದರೂ ತಿಂಗಳಿಗೆ ತೊಂಬತ್ತು. ಅದರಲ್ಲಿ ಚಿಕಿತ್ಸಕಿ ಕಣ್ಣಾರೆ ನೋಡುವುದು ಒಂದು. ಉಳಿದ ಎಂಬತ್ತೊಂಬತ್ತು ಅಕ್ಕನವು. ಮನೆಯಲ್ಲೇ ನಡೆಯುವ ಊಟದ ಚಿಕಿತ್ಸೆ ಅನ್ನುವುದು ಇಂಥವರಿಗೆ ಒಂದು ಆಯ್ಕೆಯಲ್ಲ, ಇರುವುದೇ ಅದೊಂದು.

ಆ ಚಿಕಿತ್ಸೆಯ ಬೇರು ಹುಡುಕಿದರೆ ಲಂಡನ್ನಿಗೆ ಹೋಗಿ ನಿಲ್ಲುತ್ತದೆ. ಬರ್ಟಾ ಮತ್ತು ಕಾರೆಲ್ ಬೊಬಾತ್ ಇಬ್ಬರೂ ಬರ್ಲಿನ್ನಿನ ಯಹೂದಿಗಳು, ಹಿಟ್ಲರನ ಕಾಲದಲ್ಲಿ ತಪ್ಪಿಸಿಕೊಂಡು ಲಂಡನ್ ಸೇರಿದವರು. ಆಕೆ ಮೊದಲು ವ್ಯಾಯಾಮ ಕಲಿಸುತ್ತಿದ್ದವರು, ಆತ ವೈದ್ಯ. ಮಿದುಳಿಗೆ ಪೆಟ್ಟಾದವರ ಸ್ನಾಯು ಬಿಗಿತವನ್ನು ಮೈಯ ಭಂಗಿ ಬದಲಿಸಿಯೇ ಸಡಿಲಿಸಬಹುದು ಅನ್ನುವುದು ಬರ್ಟಾ ಕೈಯಿಂದ ಮುಟ್ಟಿ ಕಂಡುಕೊಂಡ ಸಂಗತಿ. ಅವರ ಪದ್ಧತಿಯ ಎಲ್ಲವೂ ಮುಂದಿನ ಸಂಶೋಧನೆಗಳಲ್ಲಿ ಉಳಿದುಕೊಂಡಿಲ್ಲ. ಆದರೆ ಮಗುವನ್ನು ಹೇಗೆ ಕೂರಿಸಬೇಕು ಅನ್ನುವ ಪಾಠ ಉಳಿದಿದೆ. ಆ ಪದ್ಧತಿಯಲ್ಲಿ ಪಳಗಿದ ನ್ಯಾನ್ಸಿ ಫಿನ್ನಿ ಎಂಬ ಫಿಸಿಯೋಥೆರಪಿಸ್ಟ್ 1968ರಲ್ಲಿ ಒಂದು ಪುಸ್ತಕ ಮಾಡಿದರು. ಸೆರೆಬ್ರಲ್ ಪಾಲ್ಸಿ ಇರುವ ಪುಟ್ಟ ಮಗುವನ್ನು ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ ಅನ್ನುವುದೇ ಅದರ ಹೆಸರು. ಮನೆ ಅನ್ನುವ ಪದ ತಲೆಬರಹಕ್ಕೇ ಬಂತು, ನೋಡಿ. ಎತ್ತಿಕೊಳ್ಳುವುದು, ಸ್ನಾನ, ಬಟ್ಟೆ ಹಾಕುವುದು, ಎಲ್ಲವೂ ರೇಖಾಚಿತ್ರಗಳಲ್ಲಿ. ಊಟದ ಅಧ್ಯಾಯ ಬರೆದದ್ದು ಹೆಲೆನ್ ಮ್ಯುಲರ್ ಎಂಬ ಮಾತಿನ ಚಿಕಿತ್ಸಕಿ.

ಮಾತಿನವರಿಗೆ ಊಟದ ಗೊಡವೆ ಯಾಕೆ? ಎರಡಕ್ಕೂ ಇರುವುದು ಅದೇ ತುಟಿ, ಅದೇ ನಾಲಿಗೆ, ಅದೇ ದವಡೆ, ಅದೇ ಉಸಿರು. ನಮ್ಮಲ್ಲೂ ನುಂಗುವ ತೊಂದರೆ ನೋಡುವವರು ವಾಕ್ ಶ್ರವಣ ತಜ್ಞರೇ. 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾಯಿತಲ್ಲ, ಅಂಥ ಕಡೆ ಓದಿ ಬಂದವರು. "ನನ್ನ ಮಗುಗೆ ಮಾತಿನ ತೊಂದರೆ ಅಲ್ಲ, ಊಟದ್ದು" ಅಂತ ಅವರ ಬಾಗಿಲು ದಾಟಿ ಹೋಗಿಬಿಡುವ ತಂದೆ ತಾಯಿ ಇವತ್ತಿಗೂ ಇದ್ದಾರೆ. ಅದಕ್ಕೇ ಇದನ್ನು ಬಿಡಿಸಿ ಹೇಳಿದೆ.

ಮ್ಯುಲರ್ ಕಲಿಸಿದ್ದು ಸಣ್ಣ ಸಣ್ಣ ವಿಷಯಗಳು. ಇಂಥ ಮಗುವಿನ ತಲೆ ಹಿಂದಕ್ಕೆ ವಾಲಿದರೆ ಇಡೀ ಮೈ ಬಿಲ್ಲಿನಂತೆ ಸೆಟೆದುಕೊಳ್ಳುತ್ತದೆ, ಬಾಯಿ ಅಗಲಕ್ಕೆ ತೆರೆದುಕೊಂಡು ನಾಲಿಗೆ ಹೊರಕ್ಕೆ ನೂಕುತ್ತದೆ. ಹಾಗಾಗಿ ಮೊದಲು ಸೊಂಟ, ಮಂಡಿ ಮಡಿಸಿ ಕೂರಿಸಬೇಕು. ತಲೆ ನೆಟ್ಟಗೆ, ಗಲ್ಲ ಸ್ವಲ್ಪ ಒಳಕ್ಕೆ. ಚಮಚ ಮೇಲಿಂದ ಇಳಿಯಬಾರದು, ಮೇಲಿಂದ ಬಂದರೆ ಮಗು ತಲೆಯೆತ್ತುತ್ತದೆ. ಎದುರಿನಿಂದ, ಕೆಳಮಟ್ಟದಲ್ಲಿ ಬರಬೇಕು. ಆಳವಿಲ್ಲದ ಚಮಚ, ತುದಿಯಲ್ಲಿ ಸ್ವಲ್ಪವೇ ಆಹಾರ. ನಾಲಿಗೆಯ ಮೇಲಿಟ್ಟು ಮೆತ್ತಗೆ ಒತ್ತಿ, ಮೇಲ್ದುಟಿ ಇಳಿದು ಬರುವವರೆಗೆ ಕಾಯಬೇಕು. ಮೇಲ್ದುಟಿಗೆ ಒರೆಸಿ ಚಮಚ ಖಾಲಿ ಮಾಡಬಾರದು. ದವಡೆ ಹತೋಟಿಗೆ ಬರದಿದ್ದರೆ ಹೆಬ್ಬೆರಳು, ತೋರುಬೆರಳು, ನಡುಬೆರಳಿನಿಂದ ಗಲ್ಲಕ್ಕೆ ಆಸರೆ ಕೊಡುವುದನ್ನೂ ಹೇಳಿಕೊಟ್ಟರು.

ಇದನ್ನು ಓದಿದಾಗ ನನಗೆ ತಟ್ಟಿದ್ದು ಬೇರೆಯೇ. ನಾಲಿಗೆ ಹೊರಕ್ಕೆ ನೂಕುವುದು, ಚಮಚ ಕಚ್ಚಿಕೊಂಡು ಬಿಡದೇ ಇರುವುದು, ತುತ್ತು ಕಂಡ ಕೂಡಲೆ ಸೆಟೆಯುವುದು ಇವೆಲ್ಲ ನೋಡುವವರ ಕಣ್ಣಿಗೆ ಹಟ. "ಬೇಡ ಅಂತಾನೆ, ಎಷ್ಟು ಕೊಬ್ಬು ನೋಡು" ಅಂತ ನಮ್ಮ ಕಡೆ ಪ್ರೀತಿಯಿಂದಲೇ ಬೈತಾರೆ. ಮಗು ಬೇಡ ಅಂದಿರುವುದೇ ಇಲ್ಲ. ಅದರ ಮೈ ಹಾಗೆ ಓಡುತ್ತಿದೆ. ಹಸಿದಿದೆ, ತಿನ್ನಲು ಹೊರಟಿದೆ, ಮೈ ಬಿಡುತ್ತಿಲ್ಲ. ಚಮಚ ತೆಗೆದು ದೂರವಿಟ್ಟರೆ ಅದಕ್ಕೆ ಅದೇ ಶಿಕ್ಷೆ.

ಇಲ್ಲಿ ಅಜ್ಜಿಯರ ಕಾಲಿನ ಮಾತು ಬರಲೇಬೇಕು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಹುಟ್ಟಿದವರಿಗೆಲ್ಲ ಗೊತ್ತು: ಗೋಡೆಗೊರಗಿ ಕಾಲು ನೀಡಿ ಕೂತ ಅಜ್ಜಿ, ಕಾಲ ಮೇಲೆ ಅಂಗಾತ ಮಲಗಿದ ಕೂಸು, ಕೈಯಲ್ಲಿ ಒಳಲೆ. ಒಳಲೆ ಅಂದರೆ ಮೂತಿ ಇರುವ ಸಣ್ಣ ಬಟ್ಟಲು, ತಮಿಳರ ಪಾಲಾಡೈ. ನಮ್ಮ ಮನೆಯ ಬೆಳ್ಳಿಯ ಒಳಲೆಯಲ್ಲಿ ನಮ್ಮಪ್ಪನಿಂದ ಹಿಡಿದು ನನ್ನ ಮಗಳವರೆಗೆ ಎಲ್ಲರೂ ಕುಡಿದಿದ್ದಾರೆ. ಈ ಒಳಲೆ ಆಧುನಿಕ ವೈದ್ಯಕೀಯಕ್ಕೂ ಹೋಗಿದೆ. ಬಾಟಲಿಯ ರಬ್ಬರನ್ನು ತೊಳೆಯುವುದು ಕಷ್ಟ, ಸೋಂಕು ಬೇಗ. ಒಳಲೆಯನ್ನು ಕುದಿಸಿದರೆ ಆಯಿತು. ಹಾಗಾಗಿ ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಅಮ್ಮನ ಹಾಲು ಹಿಂಡಿ ಕುಡಿಸಲು ನಮ್ಮ ಆಸ್ಪತ್ರೆಗಳಲ್ಲಿ ಅದನ್ನೇ ಬಳಸುತ್ತಾರೆ. 1999ರಲ್ಲಿ ಪ್ರಕಟವಾದ ಭಾರತದ ಒಂದು ಅಧ್ಯಯನದಲ್ಲಿ ಬಾಟಲಿ, ಲೋಟ, ಒಳಲೆ ಮೂರನ್ನೂ ಹೋಲಿಸಿದಾಗ ಒಳಲೆಯಲ್ಲೇ ಕೂಸುಗಳು ಹೆಚ್ಚು ಹಾಲು ಕುಡಿದವು, ಬೇಗ ಕುಡಿದವು, ಚೆಲ್ಲಿದ್ದೂ ಕಡಿಮೆ. 2007ರಲ್ಲಿ ಇಂಗ್ಲೆಂಡಿನವರು ಅದನ್ನೇ ಪ್ರಯತ್ನಿಸಿದಾಗ ಫಲಿತಾಂಶ ತಿರುಗಿಬಿತ್ತು: ಹೆಚ್ಚು ಹೊತ್ತು ಹಿಡಿಯಿತು, ಹೆಚ್ಚು ಚೆಲ್ಲಿತು. ನನ್ನ ಊಹೆ ಕೇಳಿದರೆ, ಒಳಲೆ ಅನ್ನುವುದು ಪಾತ್ರೆ ಮಾತ್ರ ಅಲ್ಲ, ಅದನ್ನು ಹಿಡಿದ ಕೈಯೂ ಸೇರಿ ಒಳಲೆ. ಆ ಕೈಯನ್ನು ಕೊರಿಯರ್ ಮಾಡಕ್ಕಾಗಲ್ಲ.

ಆದರೆ ಇದೇ ಒಳಲೆ, ಇದೇ ಅಂಗಾತ ಮಲಗಿಸುವ ಭಂಗಿ, ನುಂಗಲು ಬಾರದ ಮಗುವಿಗೆ ಅಪಾಯ. ಕನ್ನಡದಲ್ಲಿ "ನೆತ್ತಿಗೆ ಹತ್ತಿತು" ಅಂತೀವಲ್ಲ, ಹತ್ತುವುದು ನೆತ್ತಿಗಲ್ಲ, ಇಳಿಯುವುದು ಶ್ವಾಸನಾಳಕ್ಕೆ. ಮಲಗಿ ತಲೆ ಹಿಂದಕ್ಕಿದ್ದಾಗ ಸುರಿದ ಹಾಲು ಗಂಟಲಿಗೆ ತಾನೇ ಜಾರುತ್ತದೆ, ಮಗು ನುಂಗಲು ಸಿದ್ಧವಾಗುವ ಮುಂಚೆಯೇ. ಆರೋಗ್ಯದ ಮಗು ಕೆಮ್ಮಿ ಹೊರಹಾಕುತ್ತದೆ, ಅಜ್ಜಿ ನೆತ್ತಿ ತಟ್ಟಿ "ಯಾರೋ ನೆನೆಸ್ಕೊಂಡ್ರು" ಅಂತಾಳೆ. ಮಿದುಳಿಗೆ ಪೆಟ್ಟಾದ ಕೆಲವು ಮಕ್ಕಳಿಗೆ ಆ ಕೆಮ್ಮೂ ಬರುವುದಿಲ್ಲ. ಸದ್ದಿಲ್ಲದೆ ಶ್ವಾಸಕೋಶಕ್ಕೆ ಹೋಗುತ್ತದೆ. ಆಮೇಲೆ ಜ್ವರ, ನ್ಯುಮೋನಿಯಾ, ಮತ್ತೆ ಮತ್ತೆ. ಊಟದ ನಡುವೆ ದನಿ ಗೊರಗೊರ ಅನ್ನುವುದು, ಕಣ್ಣಲ್ಲಿ ನೀರು, ಉಸಿರು ಜೋರಾಗುವುದು, ಕಾರಣವಿಲ್ಲದೆ ಎದೆ ಕಟ್ಟುತ್ತಲೇ ಇರುವುದು ಇವುಗಳನ್ನು ಚಿಕಿತ್ಸಕರು ಅದಕ್ಕೇ ಕೆದಕಿ ಕೆದಕಿ ಕೇಳುವುದು. ಅಕ್ಕನಿಗೆ ಮೊದಲ ದಿನ ಹೇಳಿಕೊಟ್ಟ ಪಾಠ ಚಮಚದ್ದಲ್ಲ, ಕಾಲ ಮೇಲೆ ಮಲಗಿಸಬೇಡಿ ಅನ್ನುವುದು. ಅದಕ್ಕೆ ಎಲ್ಲಕ್ಕಿಂತ ಹೆಚ್ಚು ವಿರೋಧ ಬಂದದ್ದು ಮನೆಯ ಹಿರಿಯರಿಂದ. "ಹತ್ತು ಮಕ್ಕಳನ್ನ ಸಾಕಿದೀನಿ, ನಂಗೆ ಹೇಳ್ಕೊಡ್ತಾರಾ?" ಆ ಮಾತಿನಲ್ಲಿ ಸುಳ್ಳಿಲ್ಲ. ಹತ್ತೂ ಮಕ್ಕಳಿಗೆ ನುಂಗಲು ಬರುತ್ತಿತ್ತು.

ಲಂಡನ್ನಿನ ವಿದ್ಯೆ ಬಡವರ ಹಳ್ಳಿಗೆ ಇಳಿದ ಕಥೆಯಲ್ಲಿ ಮೆಕ್ಸಿಕೋದ ಒಂದು ಊರಿದೆ. ಸಿನಲೋವಾ ರಾಜ್ಯದ ಬೆಟ್ಟಗಳ ಬುಡದಲ್ಲಿರುವ ಅಹೋಯಾ. ಡೇವಿಡ್ ವರ್ನರ್ ಎಂಬ ಅಮೆರಿಕದ ಜೀವಶಾಸ್ತ್ರದ ಮೇಷ್ಟ್ರು ಅರವತ್ತರ ದಶಕದಲ್ಲಿ ಆ ಕಡೆ ಹೋದವರು ಅಲ್ಲೇ ಹಳ್ಳಿಗರ ಜೊತೆ ಆರೋಗ್ಯದ ಕೆಲಸಕ್ಕೆ ನಿಂತರು. ಡಾಕ್ಟರಿಲ್ಲದ ಊರಿಗೆಂದು ಅವರು ಬರೆದ ಪುಸ್ತಕ ಪ್ರಪಂಚವಿಡೀ ಓಡಾಡಿದೆ. 1981ರಲ್ಲಿ ಅಲ್ಲಿ ಪ್ರೊಹಿಮೊ ಎಂಬ ಕೇಂದ್ರ ಶುರುವಾಯಿತು. ಅದನ್ನು ನಡೆಸಿದವರು ಅಂಗವಿಕಲರಾದ ಹಳ್ಳಿಗರೇ. ವರ್ನರ್‌ಗೂ ಸ್ನಾಯು ದುರ್ಬಲವಾಗುವ ಹುಟ್ಟು ಕಾಯಿಲೆ ಇತ್ತು. ಆ ಅನುಭವದಿಂದ 1987ರಲ್ಲಿ ಹಳ್ಳಿಯ ಅಂಗವಿಕಲ ಮಕ್ಕಳ ಬಗ್ಗೆ ದಪ್ಪ ಪುಸ್ತಕ ಬಂತು. ಫಿನ್ನಿಯ ಪುಸ್ತಕದಲ್ಲಿದ್ದ ಭಂಗಿಗಳೇ ಇಲ್ಲಿವೆ, ಆದರೆ ಲಂಡನ್ನಿನ ಮನೆಯ ಸಾಮಾನಿನ ಬದಲು ಹಳೇ ಟೈರು, ಮರದ ದಿಮ್ಮಿ, ನೆಲದಲ್ಲಿ ತೋಡಿದ ಗುಂಡಿ. ಕುಡಿಯುವಾಗ ತಲೆಯೆತ್ತಬೇಕಾಗದಂತೆ ಪ್ಲಾಸ್ಟಿಕ್ ಲೋಟದ ಒಂದು ಅಂಚನ್ನು ಮೂಗಿಗೆ ಜಾಗ ಬಿಟ್ಟು ಕತ್ತರಿಸುವ ಉಪಾಯವನ್ನು ನೋಡಿ ನಾನು ನಕ್ಕುಬಿಟ್ಟೆ. ಇದಕ್ಕೆಂದೇ ಮಾಡಿದ ಲೋಟ ಆನ್‌ಲೈನಿನಲ್ಲಿ ದುಬಾರಿ ಬೆಲೆಗೆ ಸಿಗುತ್ತೆ. ಒಂದು ಕತ್ತರಿ ಸಾಕು. ಲಾಭಕ್ಕಲ್ಲದೆ ಯಾರು ಬೇಕಾದರೂ ನಕಲು ಮಾಡಿ ಹಂಚಿಕೊಳ್ಳಿ ಅಂತ ಆ ಪುಸ್ತಕದಲ್ಲೇ ಬರೆದಿದ್ದಾರೆ. ಓಪನ್ ಸೋರ್ಸ್ ಅನ್ನುವ ಮಾತು ಹುಟ್ಟುವುದಕ್ಕೂ ಹತ್ತು ವರ್ಷ ಮುಂಚೆ!

ಭಂಗಿಯ ಜೊತೆಗೆ ಕಾಲವೂ ಮುಖ್ಯ ಅಂತ ಹೇಳಿದವರು ಇಂಗ್ಲೆಂಡಿನ ಶೆಫೀಲ್ಡಿನ ಇಲ್ಲಿಂಗ್‌ವರ್ತ್ ಮತ್ತು ಲಿಸ್ಟರ್. 1964ರ ಒಂದು ಲೇಖನದಲ್ಲಿ ಅವರು ಅಗಿಯಲು ಕಲಿಯುವುದಕ್ಕೆ ಒಂದು ಹದವಾದ ಅವಧಿ ಇದೆ, ಆರೇಳು ತಿಂಗಳ ಆಸುಪಾಸಿನದು, ಆಗ ಗಟ್ಟಿ ಪದಾರ್ಥ ಕಾಣದ ಮಗು ಆಮೇಲೆ ಅದನ್ನು ಒಪ್ಪಿಕೊಳ್ಳಲು ಒದ್ದಾಡುತ್ತದೆ ಅಂದರು. 2001ರಲ್ಲಿ ಬ್ರಿಸ್ಟಲ್ ಕಡೆಯ ಸಾವಿರಾರು ಮಕ್ಕಳ ಮಾಹಿತಿ ನೋಡಿದಾಗಲೂ ಹತ್ತು ತಿಂಗಳಾದ ಮೇಲೆ ಗಂಟುಗಂಟಾದ ಆಹಾರ ಶುರು ಮಾಡಿದವರಲ್ಲೇ ಊಟದ ತಕರಾರು ಹೆಚ್ಚು ಕಂಡಿತು. ಎರಡು ವರ್ಷದ ಮಗುವಿಗೂ ಅನ್ನ ಸಾರನ್ನು ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿ ಕೊಡುವ ನಮ್ಮ ಪೇಟೆಯ ಪದ್ಧತಿಗೆ ಇದು ನೇರವಾಗಿ ತಾಗುವ ಮಾತು.

ಆ ಅವಧಿಯನ್ನೇ ಪೂರ್ತಿ ನುಂಗಿಹಾಕಿದ ಸಾಧನ ಕೂಡ ಕ್ಲೀವ್‌ಲ್ಯಾಂಡಿನಲ್ಲೇ ಹುಟ್ಟಿತು. 1979ರಲ್ಲಿ ಗಾಡರರ್ ಮತ್ತು ಪಾನ್ಸ್ಕಿ ಎಂಬ ಇಬ್ಬರು ವೈದ್ಯರು ದೊಡ್ಡ ಶಸ್ತ್ರಚಿಕಿತ್ಸೆ ಇಲ್ಲದೆ, ಎಂಡೋಸ್ಕೋಪ್ ಸಹಾಯದಿಂದ ಹೊಟ್ಟೆಯ ಗೋಡೆಯ ಮೂಲಕ ಜಠರಕ್ಕೇ ನಳಿಕೆ ಇಡುವ ವಿಧಾನ ಕಂಡುಹಿಡಿದರು. ಮೊದಲ ರೋಗಿ ಕೆಲವೇ ತಿಂಗಳ ಒಂದು ಕೂಸು. ಇವತ್ತು ಪ್ರಪಂಚದಾದ್ಯಂತ ಮುದುಕರಿಗೇ ಹೆಚ್ಚಾಗಿ ಹಾಕುವ ಈ ನಳಿಕೆ ಮಕ್ಕಳಿಗಾಗಿ ಬಂದದ್ದು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ನಳಿಕೆಯಿಂದ ಬದುಕಿದ ಮಕ್ಕಳು ಅಪಾರ, ಅದರ ಬಗ್ಗೆ ಎರಡು ಮಾತಿಲ್ಲ. ನುಂಗುವುದೇ ಅಪಾಯವಾದ ಮಗುವಿಗೆ ನಳಿಕೆ ಸೋಲಲ್ಲ, ಅದೂ ಊಟವೇ. ಆದರೆ ಕಾಯಿಲೆ ವಾಸಿಯಾದ ಮೇಲೂ ಎಷ್ಟೋ ಮಕ್ಕಳು ಬಾಯಿಂದ ತಿನ್ನಲಿಲ್ಲ. ಹಸಿವೆಂದರೇನು ಅಂತಲೇ ಅವಕ್ಕೆ ಗೊತ್ತಿರಲಿಲ್ಲ, ಗಂಟೆ ನೋಡಿ ಹೊಟ್ಟೆ ತುಂಬುತ್ತಿತ್ತಲ್ಲ. ಹೋಲ್ಟ್ ಅವರ ಗಡಿಯಾರ ಈಗ ಪಂಪಿನ ರೂಪದಲ್ಲಿ ವಾಪಸ್ ಬಂದಿತ್ತು.

ಇದಕ್ಕೆ ಎರಡು ದಾರಿ ಹುಟ್ಟಿದವು. ಅಮೆರಿಕದ ಕೆಲವು ಆಸ್ಪತ್ರೆಗಳು ವರ್ತನಾ ಚಿಕಿತ್ಸೆ ಹಿಡಿದವು: ಚಮಚ ತುಟಿಯ ಹತ್ತಿರ, ಮಗು ತೆಗೆದುಕೊಳ್ಳುವವರೆಗೂ ಅಲ್ಲಿಂದ ಕದಲಿಸುವುದಿಲ್ಲ, ಅತ್ತರೂ ಇಲ್ಲ. ಪ್ರತಿ ತುತ್ತಿಗೂ ಲೆಕ್ಕ. ತಿನ್ನುವ ಪ್ರಮಾಣ ಇದರಿಂದ ಏರುತ್ತದೆ ಅನ್ನುವುದಕ್ಕೆ ಅಧ್ಯಯನಗಳಿವೆ, ಅಲ್ಲಗಳೆಯುವಂತಿಲ್ಲ. ನನಗೆ ಮಾತ್ರ ಅದು ಒಗ್ಗುವುದಿಲ್ಲ. ತಜ್ಞರ ಕೈಯಲ್ಲಿ, ಅಳತೆ ಇಟ್ಟುಕೊಂಡು ಮಾಡುವುದನ್ನು ಮನೆಯಲ್ಲಿ ಸುಸ್ತಾದ ಅಮ್ಮ ರಾತ್ರಿ ಒಂಬತ್ತಕ್ಕೆ ಮಾಡಿದರೆ ಅದರ ಹೆಸರು ತುರುಕುವುದು ಅಂತಲೇ ಆಗುತ್ತದೆ. ಇನ್ನೊಂದು ದಾರಿ ಆಸ್ಟ್ರಿಯಾದ ಗ್ರಾಜ್ ನಗರದ್ದು. ಅಲ್ಲಿನ ಮಕ್ಕಳ ಆಸ್ಪತ್ರೆಯಲ್ಲಿ ಮಾರ್ಗರೀತ್ ದುನಿಟ್ಸ್ ಶೇರ್ ಮತ್ತು ಪೀಟರ್ ಶೇರ್ ದಂಪತಿ ವೈದ್ಯರ ಕಣ್ಗಾವಲಿನಲ್ಲಿ ನಳಿಕೆಯ ಆಹಾರವನ್ನು ಬೇಗಬೇಗ ಇಳಿಸಿ, ಮಗುವಿಗೆ ಹಸಿವಿನ ಪರಿಚಯ ಮಾಡಿಸಿದರು. ದಿನಾ ನೆಲದ ಮೇಲೆ ಒಂದು ವನಭೋಜನ: ಸುತ್ತ ಬಗೆಬಗೆಯ ತಿಂಡಿ, ನಡುವೆ ಮಕ್ಕಳು. ಮುಟ್ಟಲಿ, ಹಿಚುಕಲಿ, ಮುಖಕ್ಕೆ ಬಳಿದುಕೊಳ್ಳಲಿ. ಯಾರೂ ತಿನ್ನಿಸುವಂತಿಲ್ಲ. ಡೇವಿಸ್ ಅವರ ದಾದಿಯರನ್ನು ನೆನಪಿಸುವ ಏರ್ಪಾಡು.

ಅವರು ಮುಂದೆ ಇದನ್ನು ಇಂಟರ್ನೆಟ್ ಮೂಲಕ ಮನೆಗಳಿಗೇ ಕೊಟ್ಟರು. ಅಪ್ಪ ಅಮ್ಮ ವಿಡಿಯೋ ಕಳಿಸುವುದು, ತೂಕ ಬರೆಯುವುದು, ತಂಡದವರು ದಿನದಿನವೂ ಉತ್ತರಿಸುವುದು. ಊರಿನ ಡಾಕ್ಟರ್ ಮಗುವನ್ನು ನೋಡುತ್ತಿರುವುದು. 2014ರಲ್ಲಿ ಆಸ್ಪತ್ರೆಗೆ ಬಂದವರನ್ನೂ ಮನೆಯಲ್ಲೇ ಇದ್ದವರನ್ನೂ ಹೋಲಿಸಿ ಅವರು ಪ್ರಕಟಿಸಿದ ವರದಿಯಲ್ಲಿ ಮನೆಯ ಗುಂಪು ಹಿಂದೆ ಬಿದ್ದಿರಲಿಲ್ಲ. ತಮ್ಮದೇ ಪದ್ಧತಿಯನ್ನು ತಾವೇ ಅಳೆದದ್ದು, ಚೀಟಿ ಎತ್ತಿ ಗುಂಪು ಮಾಡಿದ್ದಲ್ಲ ಅನ್ನುವುದನ್ನು ನೆನಪಿಟ್ಟೇ ಓದಬೇಕು. ಮಗು ಮನೆಯಲ್ಲೇ, ತನ್ನದೇ ಅಡುಗೆಮನೆಯ ವಾಸನೆಯಲ್ಲಿ ಕಲಿಯುವುದಕ್ಕೆ ಒಂದು ಬೆಲೆ ಇದೆ ಅಂತ ನನಗನ್ನಿಸುತ್ತೆ. 2020ರ ಲಾಕ್‌ಡೌನಿನಲ್ಲಿ ತುಮಕೂರಿನ ಬಸ್ಸು ನಿಂತಾಗ ಅಕ್ಕನಂಥ ಎಷ್ಟೋ ಜನಕ್ಕೆ ವಾಟ್ಸಾಪ್ ವಿಡಿಯೋ ಕಾಲೇ ಗತಿಯಾಯಿತು. ಚಿಕಿತ್ಸಕಿ ಮೊದಲ ಸಲ ನಿಜವಾದ ಊಟ ನೋಡಿದರು: ಹೊಸ್ತಿಲ ಪಕ್ಕದ ಜಾಗ, ಎದುರಿಗೆ ಟಿವಿ, ಅಕ್ಕ ನಿಂತೇ ತಿನ್ನಿಸುತ್ತಿರುವುದು. "ನೀವು ಕೂತ್ಕೊಳಿ ಅಮ್ಮಾ" ಅಂದರಂತೆ. ನಿಂತವರ ಕೈಯಿಂದ ಚಮಚ ಮೇಲಿಂದಲೇ ಇಳಿಯುತ್ತದೆ.

ಹೆಸರಿಡುವ ಕೆಲಸ ಬಹಳ ತಡವಾಗಿ ನಡೆಯಿತು. 2019ರಲ್ಲಿ ಅಮೆರಿಕದ ತಜ್ಞರ ಗುಂಪೊಂದು ಮಕ್ಕಳ ಊಟದ ತೊಂದರೆಗೆ ಒಂದೇ ವ್ಯಾಖ್ಯೆ ಕೊಟ್ಟಿತು. ಕಾಯಿಲೆ, ಪೋಷಣೆ, ತಿನ್ನುವ ಕೌಶಲ, ಮನಸ್ಸು ಹಾಗೂ ಮನೆ, ಈ ನಾಲ್ಕನ್ನೂ ಒಟ್ಟಿಗೇ ನೋಡಬೇಕು ಅಂದರು. 2021ರಲ್ಲಿ ಅಲ್ಲಿನ ರೋಗಪಟ್ಟಿಗೆ ಅದರ ಕೋಡ್ ಸೇರಿತು, ವಿಮೆಯವರು ಕೋಡ್ ಇಲ್ಲದೆ ದುಡ್ಡು ಬಿಚ್ಚುವುದಿಲ್ಲ ನೋಡಿ. ಅಲ್ಲಿಯವರೆಗೆ ಡಾಕ್ಟರ್ ಹೊಟ್ಟೆ ನೋಡಿದರೆ ಮನಶ್ಶಾಸ್ತ್ರಜ್ಞ ಅಮ್ಮನನ್ನು ನೋಡುತ್ತಿದ್ದ. ತಪ್ಪು ಬಹುಪಾಲು ಅಮ್ಮನ ತಲೆಗೇ ಬರುತ್ತಿತ್ತು.

ಕೊನೆಯದಾಗಿ ನಮ್ಮ ರಾಗಿ ಸರಿಯ ವಿಷಯ ಹೇಳದಿದ್ದರೆ ಈ ಚರಿತ್ರೆ ಪೂರ್ತಿಯಾಗಲ್ಲ. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಸೋಸುವುದು ನಮ್ಮ ಹೆಂಗಸರಿಗೆ ತಲೆತಲಾಂತರದ ಕೆಲಸ. ಅದರ ಒಳಗುಟ್ಟನ್ನು ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ ಅಳೆದು ತೋರಿಸಿದರು. ಮೊಳಕೆ ಕಟ್ಟಿದ ರಾಗಿ ಮತ್ತು ಹೆಸರುಕಾಳಿನ ಶಿಶು ಆಹಾರದ ಬಗ್ಗೆ 1982ರಲ್ಲಿ ಅವರ ಲೇಖನ ಬಂತು. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಕತ್ತರಿಸುತ್ತದೆ. ಹಾಗಾಗಿ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ಅಂಟಂಟಾಗದೆ ತೆಳ್ಳಗೇ ಉಳಿಯುತ್ತದೆ. ಸಣ್ಣ ಹೊಟ್ಟೆಗೆ ಒಂದೊಂದು ಚಮಚದಲ್ಲೂ ಹೆಚ್ಚು ಶಕ್ತಿ. ಹತ್ತು ಚಮಚಕ್ಕೇ ಸುಸ್ತಾಗುವ ಮಗುವಿಗೆ ಇದು ವರ.

ಇಲ್ಲೊಂದು ತೊಡಕಿದೆ. ನುಂಗುವ ತೊಂದರೆ ಇರುವ ಎಷ್ಟೋ ಮಕ್ಕಳಿಗೆ ತೆಳ್ಳಗಿರುವುದೇ ಅಪಾಯ, ಬೇಗ ಜಾರುತ್ತದೆ. ಗಟ್ಟಿ ಮಾಡಿದರೆ ನಿಧಾನಕ್ಕೆ ಹೋಗುತ್ತದೆ, ಆದರೆ ಬಾಯಿಗೆ ಅಂಟುತ್ತದೆ, ಮಗು ಬೇಗ ದಣಿಯುತ್ತದೆ. ಯಾವ ಮಗುವಿಗೆ ಯಾವ ಹದ ಅನ್ನುವುದನ್ನು ಪರೀಕ್ಷಿಸಿಯೇ ಹೇಳಬೇಕು, ಹೇಳಿದ ಮೇಲೆ ಆ ಹದ ದಿನಾ ಒಂದೇ ಇರಬೇಕು. "ಸ್ವಲ್ಪ ಗಟ್ಟಿ" ಅನ್ನುವುದು ಒಬ್ಬೊಬ್ಬರ ಕೈಯಲ್ಲಿ ಒಂದೊಂದು. ಇದಕ್ಕೆಂದೇ 2015ರ ಹೊತ್ತಿಗೆ ಸೊನ್ನೆಯಿಂದ ಏಳರವರೆಗೆ ಎಂಟು ಹಂತಗಳ ಅಂತರರಾಷ್ಟ್ರೀಯ ಮಾನದಂಡ ಬಂದಿದೆ. ಅದರ ಪರೀಕ್ಷೆಗೆ ಲ್ಯಾಬ್ ಬೇಡ. ಸೂಜಿಯಿಲ್ಲದ 10 ಎಂಎಲ್ ಸಿರಿಂಜಿನ ತೂತು ಬೆರಳಿಂದ ಮುಚ್ಚಿ 10ರ ಗೆರೆಯವರೆಗೆ ತುಂಬಿಸಿ, ಬೆರಳು ತೆಗೆದು ಹತ್ತು ಸೆಕೆಂಡ್ ಎಣಿಸಿ ಮತ್ತೆ ಮುಚ್ಚುವುದು. ಒಳಗೆ ಉಳಿದದ್ದು 1 ಎಂಎಲ್‌ಗಿಂತ ಕಡಿಮೆಯಾದರೆ ಸೊನ್ನೆ, 4ರವರೆಗೆ ಒಂದನೆಯದು, 8ರವರೆಗೆ ಎರಡನೆಯದು, ಅದಕ್ಕೂ ಹೆಚ್ಚಾದರೆ ಮೂರನೆಯದು. ಸಿರಿಂಜಿನ ಗೆರೆಗಳ ಉದ್ದ ಮಾತ್ರ ಮೊದಲು ಅಳೆದುಕೊಳ್ಳಬೇಕು. ಸೊನ್ನೆಯಿಂದ 10ರವರೆಗೆ 61.5 ಮಿಲಿಮೀಟರ್ ಇರಬೇಕು, ಎಲ್ಲ ಕಂಪನಿಯದೂ ಹಾಗಿರುವುದಿಲ್ಲ.

ಕಳೆದ ಸಲ ಊರಿಗೆ ಹೋದಾಗ ಸ್ಕೇಲು, ಸಿರಿಂಜು ಎರಡನ್ನೂ ತೆಗೆದುಕೊಂಡು ಹೋಗಿದ್ದೆ. ಬಿಸಿ ಸರಿ 4 ಎಂಎಲ್ ಉಳಿಯಿತು, ಆರಿದ ಮೇಲೆ ಅದೇ ಸರಿ 9ಕ್ಕೆ ನಿಂತಿತು. ಅಕ್ಕ ಕಣ್ಣರಳಿಸಲೂ ಇಲ್ಲ. "ಅದಕ್ಕೇ ಕಣೋ, ಆರ್ಸಿ ಕೊಟ್ರೆ ಅವನು ಕೆಮ್ಮಲ್ಲ" ಅಂದು ಒಲೆ ಆರಿಸಿದಳು. ಚಿಕಿತ್ಸಕಿಗೆ ಫೋನ್ ಮಾಡಿ ಎರಡೂ ಸಂಖ್ಯೆ ಹೇಳಿದೆವು, ಆಕೆ ಎಷ್ಟು ಹೊತ್ತು ಆರಿಸಬೇಕು ಅಂತ ಒಂದು ಚೀಟಿ ಬರೆಸಿದರು. ಅದು ಈಗ ಅಡುಗೆಮನೆಯ ಗೋಡೆಗೆ, ಹಾಲಿನ ಡೈರಿಯ ಕ್ಯಾಲೆಂಡರ್ ಪಕ್ಕದಲ್ಲಿ ಅಂಟಿದೆ.